ದೊಡ್ಡವರ ಜಡ್ಡು

“ನಿಮ್ಮವ್ವನ ಕೈ ಕಡದು ನಾಯಿಗಿ ಹಾಕ್ತೇನಿ, ತಿಳೀತಿಲ್ಲೇನ ಬೋಸುಡಿ!”

ಪರಮೇಶಪ್ಪ ಗೌಡ ಹತ್ತಿ ಹೊಲದ ಬದುವಿನ ಮೇಲೆ ನಿಂತು, ದೂರದಿಂದ ಓಡಿ ಬರುತ್ತಿದ್ದ ಮಾಲಾಳಿಗೆ ಕೂಗುತ್ತಿದ್ದ. ಅವನೆದುರು ಮುದುಕಿ ಕರೆವ್ವ ಕುಕ್ಕರಗಾಲಿನಲ್ಲಿ ಕೂತಿದ್ದಳು. ಅವಳ ಮಡಿಲ ತುಂಬ ಕಿತ್ತ ಮೊಗ್ಗಿನ ಎಸಳು. ಆಳು ಲಕ್ಕಪ್ಪ ಅವಳ ರಟ್ಟೆ ಹಿಡಿದಿದ್ದ. ಮುದುಕಿಯ ಮಗಳು ಮಾಲಾ ಬಂದವಳೇ ಗೌಡನ ಕಾಲು ಹಿಡಿಯಲು ಬಗ್ಗಿದಳು. ಅವನು ಹಿಂದೆ ಸರಿದ.

“ಮುಟ್ಟಬ್ಯಾಡ, ದೂರ ನಿಂದ್ರು. ನೋಡಿಲ್ಲಿ, ಗಂಡು ಸಾಲು ಪೂರಾ ಬೋಳಿಸ್ಯಾಳ ಮುದಿರಂಡಿ. ನಾಳಿ ಮುಂಜಾನೆ ಹೆಣ್ಣ ಹೂವಿಗೆ ಏನ್ ಸವರ್ತೀರಿ, ನಿಮ್ಮಪ್ಪಂದ?”

ಅದು ಬೀಜದ ಹತ್ತಿಯ ಹೊಲ. ಕೂಲಿ ಹೆಂಗಸರು ಮಧ್ಯಾಹ್ನ ಹೆಣ್ಣು ಸಾಲಿನಲ್ಲಿ ನಾಳೆ ಅರಳುವ ಮೊಗ್ಗುಗಳ ಎಸಳು, ಕೇಸರ ಕಿತ್ತು ಬೋಳಾಗಿಸಿ ಇಡಬೇಕು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಅದರ ಹುಡಿಯನ್ನು ಒಂದೊಂದಕ್ಕೂ ಸವರಬೇಕು. ಗಂಡು ಸಾಲಿನ ಮೊಗ್ಗನ್ನು ಯಾರೂ ಕೀಳಬಾರದು. ಕರೆವ್ವ ಅರ್ಧ ಆಯುಷ್ಯ ಇದೇ ಕೆಲಸ ಮಾಡಿದವಳು. ಈಗ ಅವಳ ತಲೆಯಿಂದ ಊರು, ಮನೆ, ಮಗಳ ಹೆಸರು ಎಲ್ಲ ಜಾರಿಹೋಗಿ, ಬೆರಳುಗಳಲ್ಲಿ ಈ ಕೆಲಸವೊಂದು ಉಳಿದಿತ್ತು. ಯಾವ ಸಾಲು ಹೆಣ್ಣು, ಯಾವುದು ಗಂಡು ಎಂಬುದು ಉಳಿದಿರಲಿಲ್ಲ.

“ಎರಡ ಸಾಲ ಉಳದಾವ ತಂಗಿ,” ಎಂದಳು ಕರೆವ್ವ ಮಗಳಿಗೆ. “ಮುಗಿಸಿ ಬರ್ತೇನಿ, ನೀ ನಡಿ.”

ಲಕ್ಕಪ್ಪನಿಗೆ ನಗು ಬಂತು. ಗೌಡ ಅವನ ಕಡೆ ತಿರುಗಿದ ಮೇಲೆ ಆ ನಗು ನಿಂತಿತು.

“ದನಾ ಕಟ್ಟಿದಂಗ ಮನ್ಯಾಗ ಕಟ್ಟಿ ಹಾಕು. ಇನ್ನೊಮ್ಮೆ ಇಲ್ಲಿ ಕಾಲಿಟ್ಲು ಅಂದ್ರ ಕಾಲು ಇರೂದಿಲ್ಲ, ಕೈನೂ ಇರೂದಿಲ್ಲ.”

ಅಂದಿನಿಂದ ಮಾಲಾ ಕೆಲಸಕ್ಕೆ ಹೋಗುವಾಗ ಅವ್ವನ ಸೊಂಟಕ್ಕೆ ಹಳೆಯ ಸೀರೆ ಸುತ್ತಿ, ಅದರ ಮೇಲೆ ಹಗ್ಗ ಬಿಗಿದು, ಗುಡಿಸಲಿನ ಕಂಬಕ್ಕೆ ಕಟ್ಟತೊಡಗಿದಳು. ಸೀರೆ ಸುತ್ತುತ್ತಿದ್ದುದು ಹಗ್ಗ ಚರ್ಮ ತಿನ್ನಬಾರದೆಂದು. ಸಂಜೆ ಬಂದು ನೋಡಿದರೆ ಕರೆವ್ವ ಆ ಸೀರೆಯ ನೂಲನ್ನು ಎಳೆ ಎಳೆಯಾಗಿ ಕಿತ್ತು ಪಕ್ಕದಲ್ಲಿ ಗುಡ್ಡೆ ಹಾಕಿರುತ್ತಿದ್ದಳು.

*

ಮಾಲಾ ಕೆಲಸಕ್ಕೆ ಹೋಗುತ್ತಿದ್ದುದು ಅದೇ ಗೌಡನ ಮನೆಗೆ, ಹಿತ್ತಲ ಬಾಗಿಲಿನಿಂದ.

ಪರಮೇಶಪ್ಪನ ತಾಯಿ ಶಿವಬಸವ್ವನಿಗೂ ಮರೆವು ಹತ್ತಿತ್ತು. ಹುಬ್ಬಳ್ಳಿಯ ಡಾಕ್ಟರು ಅದಕ್ಕೊಂದು ಹೆಸರು ಹೇಳಿ ಗುಳಿಗೆ ಬರೆದುಕೊಟ್ಟಿದ್ದರು. ನೋಡಿಕೊಳ್ಳಲು ಬಂದ ಸ್ವಜಾತಿಯ ಹೆಂಗಸರನ್ನೆಲ್ಲ ಮುದುಕಿ ಕಚ್ಚಿ, ಪರಚಿ ಓಡಿಸಿದ್ದಳು. ಹಿತ್ತಲಲ್ಲಿ ಸಗಣಿ ಬಾಚಲು ಬರುತ್ತಿದ್ದ ಮಾಲಾಳನ್ನು ಒಂದು ದಿನ ಕಿಟಕಿಯಿಂದ ಕಂಡು, “ಯವ್ವಾ, ಹಸಿವ್ಯಾಗೇತಿ” ಎಂದು ಅತ್ತಳು. ಆಮೇಲೆ ಅವಳ ಕೈಯಿಂದಲ್ಲದೆ ಒಂದಗುಳನ್ನೂ ನುಂಗಲಿಲ್ಲ.

ಮನೆಯವರು ಒಪ್ಪಿದರು, ಊರಿಗೆ ಗೊತ್ತಾಗಬಾರದೆಂಬ ಕರಾರಿನ ಮೇಲೆ. ಗೌಡನ ಹೆಂಡತಿ ನೀಲವ್ವ ತಾಟನ್ನು ಕೋಣೆಯ ಹೊಸ್ತಿಲಲ್ಲಿಟ್ಟು ಸರಿಯುತ್ತಿದ್ದಳು. ಮಾಲಾ ಉಣಿಸುತ್ತಿದ್ದಳು, ಹೇಲು ಉಚ್ಚೆ ಬಳಿಯುತ್ತಿದ್ದಳು, ಮೈ ತೊಳೆದು ತಲೆ ಬಾಚುತ್ತಿದ್ದಳು.

ಒಮ್ಮೆ ಧೈರ್ಯ ಮಾಡಿ ಕೇಳಿದಳು. “ಅಕ್ಕಾರ, ಈ ಗುಳಿಗಿ ಎಲ್ಲಿ ಸಿಗ್ತಾವರಿ? ನಮ್ಮವ್ವಗೂ ಇದ ಆಗೇತಿ.”

ನೀಲವ್ವ ನಕ್ಕಳು. ಕೆಟ್ಟ ನಗೆಯೇನಲ್ಲ. “ನಿಮ್ಮವ್ವಗ ಎಲ್ಲಿಂದ ಬರ್ತೈತಿ, ಹುಚ್ಚಿ? ನೆನಪಿಡಾಕ ಏನರ ಇದ್ದವರಿಗೆ ಬರೂ ಜಡ್ಡು ಅದು. ನಿಮ್ಮವ್ವಗ ಗಾಳಿ ಬಡದೈತಿ. ಬೇವಿನ ತೊಪ್ಪಲ ತಗೊಂಡು ಇಳಿ ತಗಿಸು.”

*

ಮಳೆ ಬಿಟ್ಟ ಒಂದು ಮಧ್ಯಾಹ್ನ ಗೌಡನ ಮನೆಯ ಮುಂದೆ ಬಿಳಿ ಕಾರು ನಿಂತಿತು. ಕ್ಯಾನ್ಸರ್ ಮತ್ತು ಮರೆವಿನ ಕಾಯಿಲೆಗೆ ಯಾರಿಗೆ ಚಿಕಿತ್ಸೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂದು ಕೇಳಿ ಬರೆದುಕೊಳ್ಳುವ ಕಾಲೇಜಿನವರು. ಹಾನಗಲ್ಲ ಮುಗಿಸಿ ಹಿರೇಕೆರೂರು ಕಡೆಯ ಹಳ್ಳಿಗಳನ್ನು ಸುತ್ತುತ್ತಿದ್ದರು. ಜೊತೆಗೊಬ್ಬ ಡಾಕ್ಟರು. ಮರೆವು ಇದ್ದವರನ್ನು ಅಲ್ಲೇ ನೋಡಿ ಗುಳಿಗೆ ಕೊಡುತ್ತಾರೆಂದು ನೀಲವ್ವ ಯಾರಿಗೋ ಹೇಳಿದ್ದು ಮಾಲಾಳ ಕಿವಿಗೆ ಬಿತ್ತು. ಅವ್ವನನ್ನು ಒಂದು ಸಲ ಆ ಡಾಕ್ಟರರ ಮುಂದೆ ಕೂರಿಸಬೇಕು. ಅವಳಿಗೆ ಬೇಕಿದ್ದುದು ಅಷ್ಟೇ.

ಅವಳು ನಡುಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಪಡಸಾಲೆಯಲ್ಲಿ ಗೌಡ ಚಹಾ ಕೊಡಿಸಿ ಮಾತಾಡುತ್ತಿದ್ದ.

“ಕೇರ್ಯಾಗ ಇಂಥಾದ್ದು ಯಾರಿಗೂ ಇಲ್ಲರಿ ಮೇಡಂ. ಮೈಮುರದು ದುಡಿಯೂ ಮಂದಿ. ಮತ್ತ ಅಲ್ಲಿ ನಿಮ್ಮ ಕಾರು ಹೋಗೂದಿಲ್ಲ, ಕೆಸರು.”

“ಕ್ಯಾನ್ಸರ್ ಆದವರು?” ಎಂದಳು ಬರೆದುಕೊಳ್ಳುತ್ತಿದ್ದ ಹುಡುಗಿ ಭಾಗ್ಯಶ್ರೀ.

“ಛೆ ಛೆ. ಅವರು ಕುಡದ ಸಾಯ್ತಾರ, ಅಷ್ಟ.”

ಮಾಲಾಳ ಸತ್ತ ಗಂಡ ಕನಕಪ್ಪ ಕುಡಿಯುತ್ತಿರಲಿಲ್ಲ. ಬಾಯಿಹುಣ್ಣು ಎಂದುಕೊಂಡು ಖಾರ ಬಿಟ್ಟ. ಆಮೇಲೆ ರೊಟ್ಟಿ ಬಿಟ್ಟು ಗಂಜಿ ಕುಡಿದ. ಆಮೇಲೆ ಗಂಜಿಯೂ ಕೆನ್ನೆಯ ತೂತಿನಿಂದ ಹೊರಗೆ ಬಂತು. ಆಸ್ಪತ್ರೆ ಮುಟ್ಟಿದಾಗ, ಇಷ್ಟು ದಿನ ಎಲ್ಲಿ ಸತ್ತಿದ್ದಿರಿ ಎಂದು ಬೈದು ಕಳಿಸಿದ್ದರು.

ಭಾಗ್ಯಶ್ರೀ ಮತ್ತೆ ಕೇಳಿದಳು. “ಅಜ್ಜೀನ್ನ ಯಾರ ನೋಡ್ಕೋತಾರ್ರಿ?”

“ಮತ್ಯಾರ? ನನ್ನ ಹೇಂತಿ. ಹೆತ್ತ ಮಗಳಕಿಂತ ಹೆಚ್ಚ ಮಾಡ್ತಾಳ.”

ಅಜ್ಜಿ ಉಣ್ಣುವುದನ್ನು ನೋಡಬೇಕೆಂದರು ಡಾಕ್ಟರು. ನೀಲವ್ವ ಅತ್ತೆಯನ್ನು ಪಡಸಾಲೆಗೆ ಕರೆತಂದು ಕೂರಿಸಿ, ತಾಟು ತಂದು ಬಾಯಿಗೆ ತುತ್ತು ಹಿಡಿದಳು. ಶಿವಬಸವ್ವ ಅದನ್ನು ಅವಳ ಮುಖಕ್ಕೇ ಉಗುಳಿ, “ಯವ್ವಾ! ಎಲ್ಲಿ ಹೋದಿ ಬೇ ಯವ್ವಾ!” ಎಂದು ಚೀರಿದಳು.

“ಸತ್ತ ಅವರವ್ವನ್ನ ನೆನಸ್ತಾರ್ರಿ,” ಎಂದ ಗೌಡ.

ಮಾಲಾ ಪಡಸಾಲೆಗೆ ಬಂದಳು. ಆ ನೆಲವನ್ನು ಅವಳು ಅದುವರೆಗೆ ತುಳಿದಿರಲಿಲ್ಲ.

“ನನ್ನ ಕರ್ಯಾಕತ್ತಾರ್ರಿ. ಇವರಿಗೆ ಉಣಸೂದು, ತೊಳ್ಯೂದು ಎಲ್ಲಾ ನಾನ. ನಮ್ಮವ್ವಗೂ ಇದ ಜಡ್ಡು ಆಗೇತ್ರಿ ಡಾಕ್ಟರ. ಕೇರ್ಯಾಗ ಕಂಬಕ್ಕ ಕಟ್ಟಿ ಬಂದೇನಿ. ಒಂದ ಗಳಿಗಿ ಬಂದು ನೋಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ.”

ಗೌಡನ ಕೈಯಲ್ಲಿದ್ದ ಚಹಾದ ಲೋಟ ಬಂದು ಅವಳ ಎದೆಗೆ ಬಡಿಯಿತು.

“ಸಗಣಿ ಬಾಚೂ ಸೂಳಿ, ನಮ್ಮವ್ವಗ ಉಣಸ್ತಾಳಂತ! ಸುಳ್ಳ ಹೇಳ್ತಾಳ್ರಿ ಮೇಡಂ. ಇವರ ವಂಶಕ್ಕ ಹುಚ್ಚು ಐತಿ.”

ಭಾಗ್ಯಶ್ರೀ ಡಾಕ್ಟರರ ಮುಖ ನೋಡಿದಳು. ಅವರು ಬ್ಯಾಗಿನ ಜಿಪ್ ಎಳೆಯುತ್ತಿದ್ದರು.

“ಅಕ್ಕಾ,” ಎಂದಳು ಅವಳು, ನೆಲ ನೋಡುತ್ತ. “ಮುಂದಿನ ಸಲ ಬಂದಾಗ ನೋಡೂಣಂತ. ಇವತ್ತ ಗೌಡ್ರು ಹೇಳಿದ ಮನಿಗೋಳಷ್ಟ...”

“ಮುಂದಿನ ಸಲ ಯಾವಾಗ್ರಿ?”

ಡಾಕ್ಟರು ಬ್ಯಾಗನ್ನು ಹೆಗಲಿಗೇರಿಸಿದರು. ಮಾಲಾ ಎದೆಯ ಮೇಲಿನ ಚಹಾವನ್ನು ಸೆರಗಿನಿಂದ ಒರೆಸಿಕೊಂಡಳು.

“ನಾಳಿಂದ ನೀವ ಉಣಸ್ಕೋರಿ ಗೌಡ್ರ,” ಎಂದು ಮುಂಬಾಗಿಲಿನಿಂದಲೇ ಮೆಟ್ಟಿಲಿಳಿದಳು.

ಅಂಗಡಿ ದಾಟುವಷ್ಟರಲ್ಲಿ ಹಿಂದೆ ಗದ್ದಲ ಕೇಳಿಸಿತು. ಶಿವಬಸವ್ವ ಸೊಸೆಯ ಕೈ ಕಚ್ಚಿ ಬಿಡಿಸಿಕೊಂಡು ಬೀದಿಗೆ ಬಂದಿದ್ದಳು. ಸೀರೆ ಅರ್ಧ ಬಿಚ್ಚಿ ಕೆಸರಲ್ಲಿ ಎಳೆಯುತ್ತಿತ್ತು. “ಯವ್ವಾ, ನಿಂದ್ರ!” ಎನ್ನುತ್ತ ಓಡುನಡಿಗೆಯಲ್ಲಿ ಬರುತ್ತಿದ್ದಳು. ಕಟ್ಟೆಯ ಮೇಲಿದ್ದವರು ಎದ್ದು ನಿಂತರು. ಮಾಲಾ ತಿರುಗಿ ನೋಡಿದಳು, ನಿಲ್ಲಲಿಲ್ಲ. ಆದರೆ ನಡಿಗೆ ನಿಧಾನ ಮಾಡಿದಳು.

ಗುಡಿಸಲಿನಲ್ಲಿ ಅವ್ವನ ಹಗ್ಗ ಬಿಚ್ಚಿ, ರೊಟ್ಟಿ ಮುರಿದು ಸಾರಿನಲ್ಲಿ ನೆನೆಸುವಾಗ ಶಿವಬಸವ್ವ ಬಂದು ಕರೆವ್ವನ ಮಗ್ಗುಲಿಗೆ ಕೂತಳು. ಮಾಲಾ ಒಂದೇ ತಾಟಿನಿಂದ ಅವಳಿಗೊಂದು ತುತ್ತು, ಇವಳಿಗೊಂದು ತುತ್ತು ಇಟ್ಟಳು.

“ಯಾರವ್ವಾ ಇಕಿ?” ಎಂದಳು ಕರೆವ್ವ.

“ನಿನ್ನಂಗ ಜಡ್ಡಿನಾಕಿ ಬೇ.”

“ಪಾಪ,” ಎಂದಳು ಕರೆವ್ವ.

ಕೇರಿಯ ಬಾಯಿಗೆ ಚರಂಡಿ ಹರಿಯುತ್ತಿತ್ತು. ಗೌಡ ಲಕ್ಕಪ್ಪನನ್ನು ಕರೆದುಕೊಂಡು ಅದರ ಆಚೆ ಬಂದು ನಿಂತ.

“ಲಕ್ಕ್ಯಾ, ಹೋಗು, ಅವ್ವನ್ನ ಎತಗೊಂಡ ಬಾ.”

ಲಕ್ಕಪ್ಪನ ಮನೆಯೂ ಅದೇ ಕೇರಿಯಲ್ಲಿತ್ತು. ಅವನು ಟವೆಲ್ಲನ್ನು ಕಂಕುಳಿಗೆ ಸಿಗಿಸಿ ತಲೆ ತಗ್ಗಿಸಿದ. “ಅಮ್ಮಾರ್ನ ನಾ ಹೆಂಗ ಮುಟ್ಲಿರಿ ಗೌಡ್ರ? ನಾಳಿ ನೀವ ಬೈತೀರಿ.”

ಯಾವುದೋ ಬಾಗಿಲಲ್ಲಿ ಹೆಂಗಸೊಬ್ಬಳು ಕಿಸಕ್ಕೆಂದಳು.

“ಏ ಮಾಲೀ! ಕಳಸ ನಮ್ಮವ್ವನ್ನ ಹೊರಗ! ಗುಡಿಸಲ ಸುಡ್ತೇನಿ ರಂಡಿ!”

“ಸುಡ್ರಿ,” ಎಂದಳು ಮಾಲಾ ಒಳಗಿನಿಂದಲೇ. “ನಿಮ್ಮವ್ವನೂ ಒಳಗ ಅದಾರ. ಬೇಕಾದ್ರ ನೀವ ಬಂದು ಕರಕೊಂಡ ಹೋಗ್ರಿ, ಬಾಗಲಾ ತಗದೈತಿ.”

ಊರ ಮುಂದಿನ ರಸ್ತೆಯಲ್ಲಿ ಬಿಳಿ ಕಾರು ಹಿರೇಕೆರೂರಿನ ಕಡೆ ಹೊರಟ ಸದ್ದು ಕೇಳಿ, ಸಣ್ಣದಾಗುತ್ತ ಹೋಯಿತು. ಗೌಡ ಧೋತರ ಎತ್ತಿ ಹಿಡಿದು ಒಂದು ಕಾಲು ಎತ್ತಿದ. ಕೇರಿಯವರೆಲ್ಲ ಬಾಗಿಲುಗಳಲ್ಲಿ ನಿಂತು ಆ ಕಾಲನ್ನೇ ನೋಡಿದರು. ಅದು ತುಸು ಹೊತ್ತು ನೀರಿನ ಮೇಲೆ ತೂಗಿ, ಚರಂಡಿಯ ಆಚೆ, ಎತ್ತಿದಲ್ಲಿಗೇ ಇಳಿಯಿತು.