ಒತ್ತು ಹೊಲಿಗೆ

ಮಗ ತೀರಿಕೊಂಡು ಎರಡು ತಿಂಗಳಾಗಿತ್ತು. ಅತ್ತೆ ಮಷೀನು ತುಳಿಯುತ್ತಿದ್ದಳು. ಸೊಸೆ ಕಿಟಕಿಯ ಬಳಿ ಕೂತು ಬಟ್ಟೆಯಂಚಿಗೆ ಕೈಹೊಲಿಗೆ ಹಾಕುತ್ತಿದ್ದಳು. ಒಬ್ಬಳ ಭಾಷೆ ಇನ್ನೊಬ್ಬಳಿಗೆ ಬಾರದು. ದೂರದೇಶದಿಂದ ಸೊಸೆಯ ಕೈಹಿಡಿದು ಕರೆತಂದ ಮಗನೇ ಮೂರು ವರ್ಷ ಇಬ್ಬರಿಗೂ ನಾಲಿಗೆಯಾಗಿದ್ದ.

ಅಂದು, ಸೊಸೆಯ ದೇಶದಲ್ಲಿ ಕೆಲವು ವರ್ಷ ಕೆಲಸ ಮಾಡಿ ಈಚೆಗೆ ಊರಿಗೆ ಮರಳಿದ್ದ ನರ್ಸಮ್ಮ, ಇಲ್ಲಿ ಹೊಲಿಸಿದ್ದ ತನ್ನ ಸಮವಸ್ತ್ರವನ್ನು ವಾಪಸು ತಂದಳು.

"ಇದೇನಮ್ಮಾ, ಗೋಣಿಚೀಲ ಹೊಲಿದ ಹಾಗಿದೆ! ಅಂಚೆಲ್ಲ ಮುದುಡಿದೆ."

"ಮೂರು ವರ್ಷದಿಂದ ಬಡ್ಕೊಳ್ತಿದೀನಿ ತಾಯಿ. ಗೋಡೆಗಾದ್ರೂ ಕಿವಿ ಇರುತ್ತೆ. ನಿಮಗೆ ಇವಳ ಭಾಷೆ ಬರುತ್ತಲ್ಲ, ಇಷ್ಟು ಒತ್ತಾಗಿ ಯಾಕೆ ಹೊಲೀತಾಳೆ ಕೇಳಿ."

ನರ್ಸಮ್ಮ ಕೇಳಿದಳು. ಸೊಸೆಯ ಮುಖ ಅರಳಿತು. ಗಂಡ ಹೋದಮೇಲೆ ಅವಳು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ನರ್ಸಮ್ಮನೇ ತಡವರಿಸಿದಳು.

"ನಿಮಗೆ ಒತ್ತು ಹೊಲಿಗೇನೇ ಇಷ್ಟ ಅಂತೆ. ದಿನಾ ಹೊಗಳ್ತಿದ್ರಿ ಅಂತ ನಿಮ್ಮ ಮಗ ಹೇಳ್ತಿದ್ರಂತೆ. ಈಗ ನಿಮ್ಮ ಸಂಕಟ ನೋಡಲಾರದೆ, ಖುಷಿಯಾಗ್ಲಿ ಅಂತ ಇನ್ನೂ ಒತ್ತಾಗಿ ಹಾಕ್ತಿದಾಳಂತೆ."

ಅತ್ತೆಯ ಕಾಲು ನಿಂತಿತು. ಅವಳ ಬೈಗುಳವನ್ನೆಲ್ಲ ಮಗರಾಯ ಬೆಲ್ಲದಲ್ಲಿ ಅದ್ದಿ ಬಡಿಸಿದ್ದ. 'ಹೆತ್ತವಳಿಗೇ ಟೋಪಿ ಹಾಕಿದೆಯಲ್ಲೋ!' ನಗು ಉಕ್ಕಿತು. ಹಾಗಾದರೆ ಈ ಕಡೆಗೆ, ತನಗೆ ಅವನು ಬಡಿಸಿದ್ದು? 'ಅವಳಿಗೆ ನೀನು ಹೆತ್ತಮ್ಮನ ಹಾಗಂತೆ ಕಣಮ್ಮಾ' ಎನ್ನುತ್ತಿದ್ದ. ತವರಿನವರು ಕರೆಯುತ್ತಿದ್ದರೂ ಸೊಸೆ ತನ್ನನ್ನು ಒಂಟಿ ಮಾಡಿ ಹೋಗಲಾರಳು ಎಂದು ಅತ್ತೆ ಧೈರ್ಯವಾಗಿದ್ದದ್ದು ಅದೊಂದೇ ಮಾತನ್ನು ನೆಚ್ಚಿ.

"ಏನು ಹೇಳ್ಲಮ್ಮಾ?"

ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಮಗ ಕಟ್ಟಿದ ಮಾತೇ ಉಳಿಯುತ್ತಿತ್ತು; ಇವರಿಬ್ಬರದ್ದಲ್ಲ.

"ನಿಜ ಹೇಳಿ. ಬೈತಿದ್ದೆ ಅನ್ನಿ. ಆಮೇಲೆ ಕೇಳಿ, ನನ್ನನ್ನ ಯಾವತ್ತಾದ್ರೂ ಅಮ್ಮನ ಹಾಗೆ ಅಂದಿದ್ಲಾ ಅಂತ."

ಸೊಸೆ ಕೇಳಿಸಿಕೊಂಡಳು. ಬಟ್ಟೆ ಮಡಿಲಿಗೆ ಜಾರಿತು. ಕೊನೆಯ ಪ್ರಶ್ನೆಗೆ ಇಲ್ಲವೆಂದು ತಲೆಯಾಡಿಸಿದಳು. ನರ್ಸಮ್ಮ ಬಾಯಿ ತೆರೆಯುವ ಅಗತ್ಯ ಬೀಳಲಿಲ್ಲ. ಅವಳು ಚೀಲ ಎತ್ತಿಕೊಂಡು ಮೆಲ್ಲಗೆ ಹೊರಟುಹೋದಳು.

ಬಾಗಿಲು ಮುಚ್ಚಿದ್ದೇ ತಡ, ಸೊಸೆಯ ಅಳು ಒಡೆಯಿತು. ಅಳುವಿನ ಜೊತೆಗೇ ತನ್ನ ಭಾಷೆಯಲ್ಲಿ ಮಾತು, ಏರಿದ ದನಿಯಲ್ಲಿ, ನಿಲ್ಲದ ಮಾತು. ಅತ್ತೆಗೆ ಒಂದಕ್ಷರವೂ ತಿಳಿಯಲಿಲ್ಲ. ಬೈಗುಳವೆಂದು ಮಾತ್ರ ಚೆನ್ನಾಗಿ ತಿಳಿಯಿತು. ಸ್ಟೂಲನ್ನು ಅವಳ ಮಂಡಿಗೆ ತಾಗುವಷ್ಟು ಹತ್ತಿರಕ್ಕೆ ಎಳೆದುಕೊಂಡು ಕೂತಳು.

"ಬೈಯಿ, ಬೈಯಿ," ಎಂದಳು. "ಈಗ ಮಧ್ಯೆ ಯಾರೂ ಇಲ್ಲ ನಮಗೆ."