ಅಕ್ಕನ ಬಾಯಿಯ ಕಾರ್ಡು

ಆ ಕಾರ್ಡಿನ ಚಿತ್ರ ಬಿಡಿಸಿದವನು ನಾನೇ. ಕೆಳಗೆ ಹೆಸರು ಹಾಕಿರಲಿಲ್ಲ. ಅಷ್ಟು ಧೈರ್ಯವಿದ್ದಿದ್ದರೆ ಅದನ್ನು ಬಿಡಿಸುತ್ತಲೇ ಇರಲಿಲ್ಲ.

೧೯೧೧ರ ಚಳಿಗಾಲ. ಮತದ ಹಕ್ಕು ಕೇಳುವ ಹೆಂಗಸರನ್ನು ಗೇಲಿ ಮಾಡುವ ಅಂಚೆ ಕಾರ್ಡುಗಳಿಗೆ ಇಂಗ್ಲೆಂಡಿನ ನಮ್ಮ ಲೀಡ್ಸ್ ಊರಿನಲ್ಲಿ ಬಲು ಗಿರಾಕಿ. ಅವನ್ನು ಅಚ್ಚು ಹಾಕಿಸುತ್ತಿದ್ದ ನನ್ನ ಧಣಿ ಥ್ವೇಟ್, ನನ್ನ ಮೊದಲ ಚಿತ್ರ ನೋಡಿ ಮೂಗು ಮುರಿದ.

“ಏನಯ್ಯಾ ಈನಕ್, ಇವಳು ಚೆನ್ನಾಗೇ ಇದಾಳಲ್ಲ! ಇಂಥವಳಿಗೆ ಓಟು ಕೊಟ್ಟುಬಿಡೋಣ ಅನ್ಸುತ್ತೆ. ಕುರೂಪ ಮಾಡಯ್ಯ, ನೋಡಿದ್ರೆ ನಗು ಬರ್ಬೇಕು.”

ಕುರೂಪ ಎಂದಾಗ ನನ್ನ ಕೈಗೆ ಬಂದದ್ದು ಹೆಸ್ಟರ್ ಅಕ್ಕನ ಬಾಯಿ. ಅವಳು ಇದೇ ಮತದ ಹೋರಾಟದಲ್ಲಿ ಜೈಲಿಗೆ ಹೋಗಿ, ಅಲ್ಲಿ ಊಟ ಬಿಟ್ಟಿದ್ದಳು. ಜೈಲಿನವರು ಬಲವಂತವಾಗಿ ಬಾಯಿಗೆ ಉಕ್ಕಿನ ಸಲಾಕೆ ತುರುಕಿ, ಕೊಳವೆಯಲ್ಲಿ ಗಂಜಿ ಹೊಯ್ದಾಗ ಮುಂದಿನ ಎರಡು ಹಲ್ಲು ಮುರಿದವು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಬಿಡಿಸಿದೆ. ಬೀದಿಯಲ್ಲಿ ಪೆಟ್ಟಿಗೆ ಹತ್ತಿ ನಿಂತು ಭಾಷಣ ಅರಚುವ ಹೆಂಗಸು, ಅವಳಿಗೆ ಆ ಬಾಯಿ. ಥ್ವೇಟ್ ಹೊಟ್ಟೆ ಹಿಡಿದುಕೊಂಡು ನಕ್ಕ. ನಾಚಿಕೆಗೆಟ್ಟ ನನಗೂ ಹೆಮ್ಮೆಯಾಯಿತು.

ಆಮೇಲೆ ದಿನವೂ ಒಂದೇ ಭಯ: ಅವಳ ಕಣ್ಣಿಗೆ ಬಿದ್ದರೆ? ಅಪ್ಪ ಅಮ್ಮ ಇಲ್ಲದ ನನ್ನನ್ನು ಹೊಲಿಗೆ ಕಾರ್ಖಾನೆಯಲ್ಲಿ ದುಡಿದು ಸಾಕಿದವಳು, ಚಿತ್ರ ಕಲಿಯಲು ಸೇರಿಸಿದವಳು ಅವಳೇ. ಭಾನುವಾರದ ಊಟಕ್ಕೆ ತಪ್ಪದೆ ನಮ್ಮ ಮನೆಗೆ ಬರುತ್ತಿದ್ದಳು.

ಫೆಬ್ರವರಿಯ ಒಂದು ಭಾನುವಾರ ಆ ಕಾರ್ಡನ್ನು ತಂದು ನನ್ನ ತಟ್ಟೆಯ ಪಕ್ಕ ಇಟ್ಟಳು. ಯಾರೋ ಹೆಸರು ಬರೆಯದೆ ಅವಳಿಗೆ ಕಳಿಸಿದ್ದರು. ಲಕೋಟೆಯಿಲ್ಲದ ಕಾರ್ಡಾದ್ದರಿಂದ ಅಂಚೆಯವನು, ಮನೆಯೊಡತಿ, ಕೆಳಗಿನ ಬಾಡಿಗೆಯವರು ಎಲ್ಲರೂ ನೋಡಿ ನಕ್ಕಾದ ಮೇಲೆ ಅವಳ ಕೈ ಸೇರಿತ್ತು.

“ಯಾರಕ್ಕಾ ಇಂಥ ಹಲ್ಕಾ ಕೆಲ್ಸ ಮಾಡೋರು?” ಎಂದೆ. ನನ್ನ ದನಿ ಕೇಳಿ ನನಗೇ ಹೇಸಿಗೆಯಾಯಿತು.

“ಇಂಥವು ಎಷ್ಟೋ ಬರ್ತವೆ ಕಣೋ. ಒಲೆ ಹಚ್ಚೋಕೆ ಆಗುತ್ತೆ. ಇದೊಂದನ್ನ ಮಾತ್ರ ಸುಡ್ಲಿಲ್ಲ.” ಅವಳ ಬೆರಳು ಚಿತ್ರದ ಹಲ್ಲಿನ ಮೇಲೆ ನಿಂತಿತು. “ಒಂದು ಬುಡದಿಂದ ಹೋಗಿದೆ, ಇನ್ನೊಂದು ಓರೆಯಾಗಿ ಅರ್ಧ. ಸರಿಯಾಗೇ ಇದೆ.”

“ಯಾವನೋ ಸಭೇಲಿ ನೋಡಿರ್ಬೇಕು.”

“ಸಭೇಲಿ ನಾನು ಮಾತಾಡಲ್ಲ, ಬಾಗ್ಲಲ್ಲಿ ನಿಂತು ಪತ್ರಿಕೆ ಮಾರ್ತೀನಿ. ಜೈಲಿಂದ ಬಂದ್ಮೇಲೆ ಹೊರಗೆಲ್ಲೂ ಬಾಯಿ ಬಿಟ್ಟು ನಕ್ಕಿಲ್ಲ ಕಣೋ. ಈ ಮೇಜಿನ ಹತ್ರ ಮಾತ್ರ.”

ಅಷ್ಟೇ ಹೇಳಿ ಕಾರ್ಡನ್ನು ಚೀಲಕ್ಕೆ ಹಾಕಿಕೊಂಡಳು. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆನೇನೋ. ಬೈಯಲಿಲ್ಲ.

ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಆಲ್ಮಾಗೆ ಇದೊಂದೂ ತಿಳಿಯದು. ಒಂದು ಕಡೆ ಕುಸಿದಿದ್ದ ಪುಡಿಂಗ್ ಹೊತ್ತು ತಂದು, “ನೋಡಿ ಹೆಸ್ಟರಕ್ಕ, ಕುಡ್ದು ಬಂದಂಗಿದೆ ಇದು! ಹಿಡ್ಕೊಳಿ, ಬಿದ್ಬಿಡುತ್ತೆ!” ಎಂದಳು.

ಅಕ್ಕನಿಗೆ ನಗು ಉಕ್ಕಿ ಬಂತು. ನನ್ನ ಕಡೆ ಒಮ್ಮೆ ನೋಡಿದಳು, ಕೈಯಿಂದ ಬಾಯಿ ಮುಚ್ಚಿಕೊಂಡಳು.