ಲಾಯರಮ್ಮನ ಕನ್ನಡಿ ಪುಸ್ತಕ

ಗುಮ್ಮ ಅಷ್ಟೊಂದು ಏನು ಬರೆಯುತ್ತಿದ್ದಾನೆ ಎಂಬ ಒಂದೇ ಪ್ರಶ್ನೆ ಲಾಯರಮ್ಮನ ತಲೆಗೆ ಹುಳ ಬಿಟ್ಟಿತ್ತು. ಹನ್ನೆರಡು ದಿನದ ತರಬೇತಿಯಲ್ಲಿ ಏಳು ದಿನ ಕಳೆದಿದ್ದವು. ಅವನ ಪುಸ್ತಕದಲ್ಲಿ ಅರ್ಧಕ್ಕಿಂತ ಹೆಚ್ಚು ಹಾಳೆಗಳು ತುಂಬಿದ್ದವು, ಅಷ್ಟೂ ಅವಳ ಬಗ್ಗೆಯೇ. ಅಷ್ಟು ಬರೆಯಲು ನನ್ನಲ್ಲಿ ಏನಿದೆ ಎಂದು ಬೇರೆಯವರಾದರೆ ಯೋಚಿಸುತ್ತಿದ್ದರು. ಅವಳಿಗೆ ಆ ಅನುಮಾನವೇ ಇರಲಿಲ್ಲ. ಬರೆಯುವಂಥದ್ದು ಬೇಕಾದಷ್ಟಿದೆ, ಯಾವ ಮಾತುಗಳಲ್ಲಿ ಹೊಗಳಿದ್ದಾನೆ ಎಂಬುದಷ್ಟೇ ತಿಳಿಯಬೇಕಿತ್ತು.

ಅವಳು ವಕೀಲಿಕೆ ಓದಿದವಳೇನೂ ಅಲ್ಲ, ಕಾಲೇಜಿನ ಎರಡನೇ ವರ್ಷದಲ್ಲಿದ್ದವಳು. ಪ್ರಶ್ನೆ ಯಾರನ್ನು ಕೇಳಿದರೂ ಉತ್ತರ ಮಾತ್ರ ಅವಳದೇ ಆಗಿರುತ್ತಿದ್ದುದರಿಂದ ಮೊದಲ ದಿನವೇ ಆ ಹೆಸರು ಅಂಟಿಕೊಂಡಿತ್ತು. ಅವಳ ಜೋಡಿಯಾಗಿ ಸಿಕ್ಕಿದವನು ಬೇರೆ ಕಾಲೇಜಿನ ಹುಡುಗ. ತುಟಿ ಪಿಟಕ್ಕೆನ್ನದ ಗುಮ್ಮನಗುಸಕ. ಅವನಿಗೆ ಗುಮ್ಮ ಎಂದು ಹೆಸರಿಟ್ಟವಳೂ ಇವಳೇ.

ಪದವಿ ಕೈಗೆ ಬರುವ ಮೊದಲು ಪ್ರತಿಯೊಬ್ಬ ವಿದ್ಯಾರ್ಥಿಯೂ ರಾಷ್ಟ್ರೀಯ ಸೇವೆಯ ತರಬೇತಿ ಮುಗಿಸಲೇಬೇಕೆಂಬ ನಿಯಮವಿತ್ತು. ಹಳೆಯ ಗೋದಾಮೊಂದರಲ್ಲಿ ಮೂವತ್ತು ಜನರಿಗೆ ಅದನ್ನು ಕಲಿಸುತ್ತಿದ್ದವರು ಅಗ್ನಿಶಾಮಕ ದಳದಿಂದ ನಿವೃತ್ತರಾದ ಹೆಂಗಸು. ಮಾತಿಗಿಂತ ಹೆಚ್ಚಾಗಿ ವಿಷಲ್ ಊದುತ್ತಿದ್ದ ಅವರನ್ನು ಎಲ್ಲರೂ ವಿಷಲ್ ಮೇಡಂ ಎನ್ನುತ್ತಿದ್ದರು. ಹಗ್ಗ ಕಟ್ಟುವುದು, ಗಾಯಕ್ಕೆ ಪಟ್ಟಿ ಸುತ್ತುವುದು, ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿಳಿಸುವುದು ಇವೆಲ್ಲ ಬೇರೆ ಕಡೆಯೂ ಇರುವಂಥವೇ. ಕನ್ನಡಿ ಪುಸ್ತಕ ಮಾತ್ರ ಅವರೇ ಕಂಡುಹಿಡಿದದ್ದು.

"ತನ್ನ ಬೆನ್ನು ತನಗೆ ಕಾಣಲ್ಲ," ಎಂದು ಮೊದಲ ದಿನ ಎಲ್ಲರಿಗೂ ಒಂದೊಂದು ಖಾಲಿ ಪುಸ್ತಕ ಹಂಚಿದ್ದರು. "ನಿಮ್ಮ ಜೋಡಿ ಏನು ಮಾಡ್ತಾರೆ, ಏನಂತಾರೆ, ಅದನ್ನಷ್ಟೇ ಬರೀಬೇಕು. ಒಳ್ಳೆಯವರು, ಕೆಟ್ಟವರು, ಜಾಣರು, ದಡ್ಡರು ಅಂತ ಒಂದು ಮಾತೂ ಇರಬಾರದು. ಕೊನೇ ದಿನದವರೆಗೆ ತೋರಿಸಬಾರದು, ಅದರ ಬಗ್ಗೆ ಮಾತೂ ಆಡಬಾರದು."

ಲಾಯರಮ್ಮನ ಕಣ್ಣಿದ್ದದ್ದು ಹಸಿರು ತೋಳುಪಟ್ಟಿಯ ಮೇಲೆ. ಕೊನೆಯ ದಿನ ಒಬ್ಬರ ತೋಳಿಗೆ ಅದು ಬೀಳುತ್ತದೆ. ಅದು ಸಿಕ್ಕವರು ಒಂದು ವರ್ಷ ತರಬೇತಿ ನಡೆದ ಬೀದಿಯ ರಕ್ಷಣಾ ತಂಡಕ್ಕೆ ನಾಯಕರು. ಅವಳ ಅಕ್ಕನಿಗೆ ಆರು ವರ್ಷದ ಹಿಂದೆ ಸಿಕ್ಕಿದ ಪಟ್ಟಿ ಮನೆಯ ಮುಂಗೋಣೆಯಲ್ಲಿ ಗಾಜಿನ ಚೌಕಟ್ಟಿನೊಳಗೆ ನೇತಾಡುತ್ತಿತ್ತು. ಮನೆಗೆ ಬಂದವರೆಲ್ಲ ಅದನ್ನು ನೋಡಿ "ದೊಡ್ಡ ಮಗಳದ್ದಾ?" ಎಂದು ಕೇಳುತ್ತಿದ್ದರು. ಚಿಕ್ಕ ಮಗಳು ಪಕ್ಕದಲ್ಲೇ ನಿಂತು ಹಲ್ಲು ಕಿರಿಯುತ್ತಿದ್ದಳು. ಈ ಸಲ ಹೊರಡುವಾಗ "ಪಟ್ಟಿ ಇಲ್ಲದೆ ಮನೆಗೆ ಬರಲ್ಲ" ಎಂದು ಹೊಸ್ತಿಲಲ್ಲೇ ಸಾರಿ ಬಂದಿದ್ದಳು.

ಎಂಟನೆಯ ದಿನ ಮನೆಮನೆ ಸಮೀಕ್ಷೆ. ಬೆಂಕಿಯೋ ನೆರೆಯೋ ಬಂದರೆ ತಾವಾಗಿ ಹೊರಗೆ ಬರಲಾಗದವರು ಯಾವ ಮನೆಯಲ್ಲಿದ್ದಾರೆ, ಅವರನ್ನು ಹೇಗೆ ಕರೆತರಬೇಕು, ಎಷ್ಟು ಹೊತ್ತು ಬೇಕು ಎಂದು ಕೇಳಿ ಫಾರಂ ತುಂಬಬೇಕು. ಲಾಯರಮ್ಮ ಫಾರಂ ಹಿಡಿದು ಮುಂದೆ, ಗುಮ್ಮ ಪುಸ್ತಕ ಹಿಡಿದು ಹಿಂದೆ.

ಹಳದಿ ಕಟ್ಟಡದ ಎರಡನೇ ಮಹಡಿಯಲ್ಲಿ ಒಬ್ಬ ದರ್ಜಿಯಮ್ಮ ತನ್ನ ಅತ್ತೆಯೊಂದಿಗೆ ಇದ್ದಳು. "ಒಳಗೆ ಬನ್ನಿ, ಬಾಗಿಲು ತೆಗೆದೇ ಇದೆ" ಎಂಬ ಕೂಗು ಬಂತು. ಕೋಣೆಯ ತುಂಬ ಬಟ್ಟೆಯ ಗುಡ್ಡೆ. ನಡುವೆ ಚಾಪೆಯ ಮೇಲೆ ದರ್ಜಿಯಮ್ಮ, ಅವಳ ಮುಂದೆ ಗಿಡ್ಡ ಮಣೆಯ ಮೇಲೆ ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರ. ಕಿಟಕಿಯ ಹತ್ತಿರ ಅತ್ತೆ ಬಟ್ಟೆಯಿಂದ ದಾರ ಬಿಡಿಸುತ್ತ ಕೂತಿದ್ದಳು. ಗೋಡೆಗೆ ಒಂದು ಕೋಲು ಒರಗಿತ್ತು.

"ಅಕ್ಕಾ, ನಿಮ್ಮನೇಲಿ ಓಡಾಡೋಕಾಗದೋರು ಯಾರಾದ್ರೂ... ಅಜ್ಜಿ, ಅಲ್ವಾ? ಬರ್ಕೊಂಡೆ."

ದರ್ಜಿಯಮ್ಮ ನಕ್ಕಳು. "ನಮ್ಮತ್ತೇನಾ? ಅಯ್ಯೋ, ಅವರು—"

"ಕೋಲು ನೋಡಿದ್ರೇ ಗೊತ್ತಾಗುತ್ತೆ ಬಿಡಿ. ವಯಸ್ಸು ಎಪ್ಪತ್ತೈದು ಇರಬಹುದಾ? ಎಪ್ಪತ್ತೈದು."

ಮಣೆಯ ಮೇಲಿಂದ ಒಂದು ದಾರದ ಉಂಡೆ ಉರುಳಿ ಅವಳ ಕಾಲಿನ ಬಳಿ ಬಂತು. ಎತ್ತಿಕೊಟ್ಟಳು. "ಕೈಮಿಷನ್ನು! ಎಷ್ಟು ಚೆನ್ನಾಗಿದೆ! ಈಗ ಯಾರೂ ಇಟ್ಕೊಳ್ಳೋದೇ ಇಲ್ಲ," ಎಂದು ಮೆಚ್ಚಿದಳು. ಕೈಗೆ ಬಂದ ಲೋಟದ ನೀರನ್ನು ಗಟಗಟ ಕುಡಿದಳು.

"ಏ ಹುಡುಗೀ, ಸ್ವಲ್ಪ ಕೇಳಿಲ್ಲಿ," ಎಂದಳು ಅತ್ತೆ.

"ಏನೂ ಯೋಚ್ನೆ ಮಾಡ್ಬೇಡಿ ಅಜ್ಜೀ. ನಿಮ್ಮನ್ನ ಹೂವಿನ ಹಾಗೆ ಕೆಳಗಿಳಿಸ್ತೀವಿ."

ಎರಡು ನಿಮಿಷದಲ್ಲಿ ಒಂದು ಮನೆ ಮುಗಿಯಿತು. ಸಂಜೆಯೊಳಗೆ ಇಪ್ಪತ್ತೊಂದು ಮನೆ. ಬೇರೆ ಜೋಡಿಗಳು ಹತ್ತು ಮನೆ ದಾಟಲು ಏದುಸಿರು ಬಿಡುತ್ತಿದ್ದವು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರಿದ್ದಾರೆ. ನಮ್ಮ ಲಾಯರಮ್ಮ ಎತ್ತು ಅನ್ನುವಷ್ಟರಲ್ಲೇ ಕಟ್ಟಿ ಬಂದಿರುತ್ತಿದ್ದಳು.

ಗುಮ್ಮ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದ. ಅವಳು ಕತ್ತು ಉದ್ದ ಮಾಡಿ ತಲೆಕೆಳಗಾದ ಅಕ್ಷರಗಳನ್ನು ಓದಲು ನೋಡಿದಳು.

"ಇಷ್ಟೊಂದು ಏನೋ ಬರೀತೀಯಾ? ಒಂದು ಸಾಲು ಹೇಳೋ."

ಅವನು ಅವಳ ಮುಖ ನೋಡಿದ. ಏನೋ ಹೇಳುವವನಂತೆ ಬಾಯಿ ತೆರೆದ. ಆಮೇಲೆ "ನಿಯಮ" ಎಂದು ಪುಸ್ತಕ ಮುಚ್ಚಿದ. ಅವಳೂ ತನ್ನ ಪುಸ್ತಕ ತೆಗೆದು ಅವನ ಬಗ್ಗೆ ಬರೆದಳು: ಇವತ್ತೂ ವಿಶೇಷವಿಲ್ಲ. ನಿಂತಿದ್ದ.

ಹನ್ನೆರಡನೆಯ ದಿನ ಬೆಳಿಗ್ಗೆ ಹತ್ತಕ್ಕೆ ಬೀದಿಯಲ್ಲಿ ಸೈರನ್ ಕೂಗಿತು. ಅದು ಅಣಕು ಕಾರ್ಯಾಚರಣೆ, ಬೀದಿಯವರಿಗೆಲ್ಲ ಮೊದಲೇ ಹೇಳಲಾಗಿತ್ತು. ಫಾರಂನಲ್ಲಿ ಇದ್ದವರನ್ನು ತಂಡದವರು ಇಳಿಸಿ ತರಬೇಕು, ಉಳಿದವರು ತಾವಾಗಿ ಬರಬೇಕು. ಲಾಯರಮ್ಮ ಮತ್ತು ಗುಮ್ಮ ಬೆಲ್ಟಿರುವ ಕುರ್ಚಿ ಹಿಡಿದು ಹಳದಿ ಕಟ್ಟಡದ ಮೂವತ್ತೆರಡು ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದರು. ಅತ್ತೆ ಬಾಗಿಲ ಬಳಿ ಬಗ್ಗಿ ನಿಂತು ಸೊಸೆಯ ಕಡೆಗೆ ಕೈ ಚಾಚುತ್ತಿದ್ದಳು. ಇವರು ಹಿಂದಿನಿಂದ ಬಂದು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಬೆಲ್ಟ್ ಬಿಗಿದರು.

"ಬಿಡ್ರೇ! ನನ್ನ ಬಿಡ್ರೇ!" ಅತ್ತೆ ಲಾಯರಮ್ಮನ ತೋಳಿಗೆ ಗುದ್ದಿದಳು.

"ಹೆದರ್ಬೇಡಿ ಅಜ್ಜೀ, ನಾವಿದ್ದೀವಲ್ಲ! ಅಕ್ಕಾ, ನೀವು ಹಿಂದೇನೇ ಬನ್ನಿ."

"ಅದು ಏನಂದ್ರೆ—" ಎಂದಳು ದರ್ಜಿಯಮ್ಮ.

"ಏನೂ ತರ್ಬೇಡಿ, ಬರಿಗೈಲಿ ಬನ್ನಿ!"

ಎರಡು ನಿಮಿಷ ನಲವತ್ತು ಸೆಕೆಂಡು. ಅಷ್ಟು ಬೇಗ ಯಾವ ಜೋಡಿಯೂ ಇಳಿದಿರಲಿಲ್ಲ. ಬೀದಿಯಲ್ಲಿ ಚಪ್ಪಾಳೆ ಬಿತ್ತು. ಲಾಯರಮ್ಮ ಬೆವರು ಒರೆಸಿಕೊಳ್ಳುತ್ತ ಬೆಲ್ಟ್ ಬಿಚ್ಚಿದಳು. ಬಿಚ್ಚಿದ್ದೇ ತಡ, ಅತ್ತೆ ಕುರ್ಚಿಯಿಂದ ಸರಕ್ಕನೆ ಎದ್ದು ತನ್ನ ಎರಡು ಕಾಲ ಮೇಲೆ ಮತ್ತೆ ಮೆಟ್ಟಿಲ ಕಡೆಗೆ ಓಡಿದಳು.

"ಎಲ್ಲಿಗಮ್ಮಾ?" ವಿಷಲ್ ಮೇಡಂ ತಡೆದರು.

"ಇನ್ನೆಲ್ಲಿಗೆ, ಮೇಲಕ್ಕೆ! ನನ್ನ ಸೊಸೆಗೆ ಎರಡು ಕಾಲೂ ಸ್ವಾಧೀನದಲ್ಲಿಲ್ಲ. ಅವಳನ್ನ ದಿನಾ ಇಳಿಸೋಳು ನಾನು. ಈ ಪುಣ್ಯಾತ್ಮರು ನನ್ನನ್ನೇ ಕಟ್ಟಿ ಹೊತ್ಕೊಂಡು ಬಂದಿದ್ದಾರೆ!"

ಬೀದಿಯ ಜನ ಮೊದಲು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿ ಮೇಲೆ ನೋಡಿದರು. ಎರಡನೇ ಮಹಡಿಯ ಕಿಟಕಿಯ ತಳದಲ್ಲಿ ಒಂದು ಕೈ ಮಾತ್ರ ಕಾಣುತ್ತಿತ್ತು. ದರ್ಜಿಯಮ್ಮ ನೆಲದಲ್ಲಿ ಕೂತೇ, ಗಾಬರಿಯಾಗಬೇಡಿ ಎಂಬಂತೆ ಕೈ ಬೀಸುತ್ತಿದ್ದಳು. ಬಂದದ್ದು ನಿಜವಾದ ಬೆಂಕಿಯಾಗಿದ್ದರೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಲಾಯರಮ್ಮ ಬಿಚ್ಚಿದ ಬೆಲ್ಟನ್ನು ಕೈಯಲ್ಲೇ ಹಿಡಿದು ಆ ಕಿಟಕಿಯನ್ನೇ ನೋಡುತ್ತ ನಿಂತಳು. 

ಮಧ್ಯಾಹ್ನ ಮೂರಕ್ಕೆ ಗೋದಾಮಿನಲ್ಲಿ ಕನ್ನಡಿ ಪುಸ್ತಕಗಳು ಕೈ ಬದಲಾದವು. ಇಷ್ಟು ದಿನ ಯಾವುದಕ್ಕಾಗಿ ಕತ್ತು ಉದ್ದ ಮಾಡಿದ್ದಳೋ ಅದು ಈಗ ತೊಡೆಯ ಮೇಲಿತ್ತು, ತೆರೆಯಲು ಕೈ ಬರುತ್ತಿರಲಿಲ್ಲ. ಆದರೂ ಕುತೂಹಲ ಬಿಡಬೇಕಲ್ಲ, ತೆರೆದಳು.

'ಎಂಟನೇ ದಿನ. ಇಪ್ಪತ್ತೊಂದು ಮನೆ. ಹದಿನಾಲ್ಕು ಮನೆಗಳಲ್ಲಿ ಉತ್ತರ ಬರುವ ಮೊದಲೇ ಬರೆದಳು. ದರ್ಜಿಯವರ ಮನೆ: ದಾರದ ಉಂಡೆ ಉರುಳಿತು, ದರ್ಜಿಯವರು ಏಳಲಿಲ್ಲ. ಅವರ ಯಂತ್ರಕ್ಕೆ ಕಾಲಿನ ಪೆಡಲ್ ಇಲ್ಲ. ಅಜ್ಜಿ ಎದ್ದು ಒಳಗೆ ಹೋಗಿ ನೀರು ತಂದುಕೊಟ್ಟರು. ಲಾಯರಮ್ಮ ಆ ನೀರು ಕುಡಿದಳು. ಅಜ್ಜಿಗೆ ಓಡಾಡಲು ಆಗುವುದಿಲ್ಲ ಎಂದು ಬರೆದ ಫಾರಂ ಅವಳ ಇನ್ನೊಂದು ಕೈಯಲ್ಲಿತ್ತು.'

ಅವಳು ಆ ಸಾಲುಗಳನ್ನು ಮೂರು ಸಲ ಓದಿದಳು. ಹೊಗಳಿಕೆ ಇರಲಿಲ್ಲ, ತೆಗಳಿಕೆಯೂ ಇರಲಿಲ್ಲ. ಬೈದಿದ್ದರೆ ವಾದ ಮಾಡಬಹುದಿತ್ತು. ನಾಚಿಕೆ ಉಕ್ಕಿ ಬಂತು, ನಾಚಿಕೆಯ ಬೆನ್ನಿಗೇ ಸಿಟ್ಟು.

"ಎಲ್ಲಾ ನೋಡಿದ್ದೆಯಲ್ಲೋ! ಹೇಳೋಕೆ ನಿನಗೇನಾಗಿತ್ತು ಧಾಡಿ?"

ಗುಮ್ಮ ಪುಟ ತಿರುವಿದ. ಅವಳು ಅವನ ಬಗ್ಗೆ ಬರೆದ ಪುಸ್ತಕ ಅವನ ಕೈಯಲ್ಲಿ ತೆರೆದಿತ್ತು. ವಿಶೇಷವಿಲ್ಲ. ನಿಂತಿದ್ದ. ವಿಶೇಷವಿಲ್ಲ. ನಿಂತಿದ್ದ. ಹನ್ನೊಂದು ದಿನಕ್ಕೆ ಒಂದೂವರೆ ಪುಟ. ಅವನ ಕಿವಿ ಕೆಂಪಾಗಿತ್ತು, ಅದು ಅವಳಿಗೆ ಈಗ ಕಂಡಿತು.

ವಿಷಲ್ ಮೇಡಂ ಇಬ್ಬರ ಹಿಂದೆಯೇ ನಿಂತಿದ್ದರು. "ನೋಡದೆ ಮಾತಾಡೋಳು ಒಬ್ಬಳು, ನೋಡಿಯೂ ಮಾತಾಡದೋನು ಒಬ್ಬ. ಒಳ್ಳೇ ಜೋಡಿ," ಎಂದರು. ಜೇಬಿನಿಂದ ಹಸಿರು ಪಟ್ಟಿಯ ತುದಿ ಇಣುಕುತ್ತಿತ್ತು. "ಸರಿಯಾಗಿ ಐದಕ್ಕೆ ಇದನ್ನ ಕೊಡ್ತೀನಿ. ಅಷ್ಟರೊಳಗೆ ಆ ಮನೆ ಫಾರಂ ಪೂರ್ತಿ ತುಂಬಿ ನನ್ನ ಕೈಗೆ ಕೊಟ್ರೆ ನಿನ್ನ ಹೆಸರೂ ಲೆಕ್ಕಕ್ಕಿರುತ್ತೆ. ಇಲ್ಲಾಂದ್ರೆ ಇಲ್ಲ."

ದರ್ಜಿಯಮ್ಮನ ಕೋಣೆಗೆ ಇಬ್ಬರೂ ಹೋದಾಗ ಗೋಡೆ ಗಡಿಯಾರದಲ್ಲಿ ನಾಲ್ಕೂ ಕಾಲು. ಲಾಯರಮ್ಮ ಈ ಸಲ ಚಾಪೆಯ ಮೇಲೆ ಕೂತಳು. "ತಪ್ಪಾಯ್ತು ಅಕ್ಕಾ," ಎಂದಳು. "ಮೊದಲಿಂದ ಹೇಳ್ತೀರಾ?"

ಅತ್ತೆ ಸುಲಭಕ್ಕೆ ಬಗ್ಗುವವಳಲ್ಲ. ಅವಳ ಕಣ್ಣು ಗುಮ್ಮನ ಮೇಲೆ ಬಿತ್ತು. "ಇವಳೇನೋ ಗಾಳಿ ಬೀಸಿದ ಹಾಗೆ ಬಂದು ಹೋದಳು. ನಾನು ನೀರು ತರೋದನ್ನ ನೀನು ಪಿಳಿಪಿಳಿ ನೋಡ್ತಾ ನಿಂತಿದ್ದೆಯಲ್ಲಪ್ಪಾ, ನಿನಗೂ ತಿಳೀಲಿಲ್ವಾ?"

"ಅವನು ಹಾಗೇ ಅಜ್ಜೀ, ಮಾತು ಕಮ್ಮಿ" ಎನ್ನುವ ಮಾತು ಲಾಯರಮ್ಮನ ನಾಲಿಗೆಯ ತುದಿಗೆ ಬಂತು. ಹಲ್ಲು ಕಚ್ಚಿ ನುಂಗಿದಳು.  

"ತಿಳೀತು," ಎಂದ ಗುಮ್ಮ ಕೊನೆಗೆ. "ಬರ್ಕೊಂಡೆ. ಹೇಳ್ಲಿಲ್ಲ. ಮಾತಾಡಬಾರದು ಅನ್ನೋದು ಪುಸ್ತಕದ ನಿಯಮ, ನಾನು ಅದರ ಹಿಂದೆ ಬಚ್ಚಿಟ್ಕೊಂಡೆ. ಬೆಳಿಗ್ಗೆ ಕುರ್ಚಿ ಹಿಡಿದಾಗ್ಲೂ ಹೇಳ್ಬೇಕಿತ್ತು. ನನ್ನದೇ ಹೆಚ್ಚು ತಪ್ಪು."

ಅವನ ದನಿ ಇಷ್ಟು ಗಟ್ಟಿಯೆಂದು ಹನ್ನೆರಡು ದಿನದಲ್ಲಿ ಅವಳಿಗೆ ತಿಳಿದಿರಲಿಲ್ಲ. ಅತ್ತೆ ಮೂಗು ಮುರಿದು ಒಳಗೆ ಹೋಗಿ ಇಬ್ಬರಿಗೂ ನೀರು ತಂದಳು.

ಆಮೇಲೆ ದರ್ಜಿಯಮ್ಮ ಹೇಳತೊಡಗಿದಳು. ಕೋಲು ಅತ್ತೆಯದಲ್ಲ, ತನ್ನದೇ, ದೂರದ ಬಟ್ಟೆ ಎಳೆದುಕೊಳ್ಳಲು, ಕಿಟಕಿ ಮುಚ್ಚಲು. ಕುರ್ಚಿಗೆ ಕಟ್ಟಿದರೆ ಅವಳ ಬೆನ್ನು ನಿಲ್ಲುವುದಿಲ್ಲ. ಅವಳು ಮೆಟ್ಟಿಲ ಮೇಲೆ ಕೂತು ಕೈಯೂರಿ ಇಳಿಯುತ್ತಾಳೆ, ಅತ್ತೆ ಒಂದು ಮೆಟ್ಟಿಲು ಕೆಳಗಿದ್ದು ಸೊಸೆಯ ಕಾಲುಗಳನ್ನು ಎತ್ತಿ ಎತ್ತಿ ಇಡುತ್ತಾಳೆ. ಇದರಲ್ಲಿ ಒಂದನ್ನೂ ಲಾಯರಮ್ಮ ಊಹಿಸಿರಲಿಲ್ಲ. ಪ್ರತಿ ಉತ್ತರವೂ ಇನ್ನೊಂದು ಪ್ರಶ್ನೆ ಎಬ್ಬಿಸುತ್ತಿತ್ತು, ಅವಳು ಕೇಳುತ್ತಲೇ ಹೋದಳು. ತಲೆ ಎತ್ತಿದಾಗ ಐದಕ್ಕೆ ಹತ್ತು ನಿಮಿಷ. ಗೋದಾಮಿಗೆ ಐದು ನಿಮಿಷದ ದಾರಿ. ಫಾರಂನಲ್ಲಿ ಉಳಿದದ್ದು ಒಂದೇ ಜಾಗ: ಎಷ್ಟು ಹೊತ್ತು ಬೇಕು?

"ಅದನ್ನ ಯಾವತ್ತೂ ನೋಡಿಲ್ಲ ತಂಗೀ," ಎಂದಳು ದರ್ಜಿಯಮ್ಮ. "ಇಳಿದೇ ನೋಡ್ಬೇಕು."

ಹತ್ತು ನಿಮಿಷ ಎಂದು ಬರೆದು ಓಡಬಹುದಿತ್ತು. ಪೆನ್ನಿನ ಮೊನೆ ಕಾಗದ ಮುಟ್ಟಿತು. ಗಾಜಿನ ಚೌಕಟ್ಟು ಕಣ್ಣಮುಂದೆ ಬಂತು, ಅದರ ಪಕ್ಕದ ಖಾಲಿ ಗೋಡೆಯೂ ಬಂತು. ಕೈಗೆ ಬಂದ ತುತ್ತು. ಅವಳಿಗೆ ಅಳುವೇ ಬರುವಂತಾಯಿತು. ಪೆನ್ನು ಎತ್ತಿದಳು.

"ನನಗೆ ಗೊತ್ತಿಲ್ಲ," ಎಂದಳು. ಆ ಮಾತು ಅವಳ ಬಾಯಿಗೆ ಹೊಸದು. "ಇಳಿಯೋಣ ಅಕ್ಕಾ. ನಾನೇನು ಮಾಡ್ಲಿ?"

"ನೀನಾ? ಸುಮ್ನೆ ಹಿಂದೆ ಬಾ. ನನ್ನ ಚಪ್ಪಲಿ ಹಿಡ್ಕೊ. ಬೀದಿಗೆ ಹೋಗಿ ಬರಿಗಾಲಲ್ಲಿ ಕೂರೋದು ನನಗಾಗಲ್ಲ."

ಕೆಳಗೆ ಅತ್ತೆ, ನಡುವೆ ಸೊಸೆ, ಪಕ್ಕದಲ್ಲಿ ಸಮಯ ನೋಡುತ್ತ ಗುಮ್ಮ, ಎಲ್ಲರ ಹಿಂದೆ ಒಂದು ಜೊತೆ ಚಪ್ಪಲಿ ಹಿಡಿದ ಲಾಯರಮ್ಮ. ಕಾಲು ಎತ್ತಿಟ್ಟ ಸದ್ದು, ಕೈಯೂರಿದ ಸದ್ದು, ಒಂದು ಉಸಿರು, ಮತ್ತೊಂದು ಮೆಟ್ಟಿಲು. ದರ್ಜಿಯಮ್ಮ ತಿರುವಿನಲ್ಲಿ ಸುಧಾರಿಸಿಕೊಂಡಳು. ಲಾಯರಮ್ಮನೂ ನಿಂತಳು. ಐದು ಗಂಟೆ ಹೊಡೆದದ್ದು ಎಲ್ಲಿಂದಲೋ ಕೇಳಿಸಿತು.

ಕೆಳಗಿನ ಬಾಗಿಲಲ್ಲಿ ವಿಷಲ್ ಮೇಡಂ ಬಂದು ನಿಂತಾಗ ಐದೂ ಹತ್ತು. ಅವರ ಜೇಬು ಖಾಲಿಯಾಗಿತ್ತು. ಪಟ್ಟಿ ಆಗಲೇ ಬೇರೆ ಯಾರದೋ ತೋಳಿಗೆ ಹೋಗಿತ್ತು.

"ಫಾರಂ ಎಲ್ಲಿ?" ಎಂದು ಕೇಳಿದರು.

ಲಾಯರಮ್ಮನ ಬಳಿ ಉತ್ತರ ಸಿದ್ಧವಾಗಿತ್ತು, ಉದ್ದವಾದ, ಚೆಂದವಾದ ಉತ್ತರ. ಅದನ್ನು ಅಲ್ಲೇ ಬಿಟ್ಟು ದರ್ಜಿಯಮ್ಮನ ಕಡೆಗೆ ನೋಡಿದಳು.

ದರ್ಜಿಯಮ್ಮ ಹಣೆಯ ಬೆವರು ಒರೆಸಿಕೊಂಡು ಕೆಳಗೆ ಇಣುಕಿದಳು. "ತುಂಬ್ತಾ ಇದ್ದೀವಿ ಮೇಡಂ," ಎಂದಳು. "ಇನ್ನೂ ಎಂಟು ಮೆಟ್ಟಿಲು ಬಾಕಿ ಇದೆ."

ಮೇಡಂ ಕೊನೆಯ ಮೆಟ್ಟಿಲ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತರು. ಅತ್ತೆ ಸೊಸೆಯ ಕಾಲೆತ್ತಿ ಕೆಳಗಿಟ್ಟಳು. ಲಾಯರಮ್ಮ ಚಪ್ಪಲಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಒಂದು ಮೆಟ್ಟಿಲು ಇಳಿದಳು.